ನೇಜಿಗೆ ಎಷ್ಟು ಕಷಾಯ?

ಆಟಿ ಅಮಾವಾಸ್ಯೆಯ ಬೆಳಿಗ್ಗೆ ತುಳುನಾಡಿನಲ್ಲಿ ಒಬ್ಬ ಮನುಷ್ಯ ಕುಡಿಯುವ ಪಾಲೆ ಕಷಾಯ ಸಣ್ಣ ಲೋಟದಲ್ಲಿ ಅರ್ಧ. ಹೆಚ್ಚೆಂದರೆ 50 ಮಿಲಿಲೀಟರ್ ಎನ್ನೋಣ. ನಸುಕಿನಲ್ಲಿ ಕತ್ತಿ ತಾಗಿಸದೆ ಕಲ್ಲಿನಿಂದ ಜಜ್ಜಿ ತೆಗೆದ ಪಾಲೆ ಮರದ ತೊಗಟೆ, ಅದಕ್ಕೆ ಕಾಳುಮೆಣಸು, ಬೆಳ್ಳುಳ್ಳಿ. ಕಣ್ಣು ಮುಚ್ಚಿ ಒಂದೇ ಗುಟುಕಿಗೆ ಇಳಿಸಿದರೂ ಕಹಿ ಗಂಟಲಲ್ಲೇ ಕೂತಿರುತ್ತದೆ. ಮೆಂತೆ ಗಂಜಿ ಬಂದ ಮೇಲೆಯೇ ಸಮಾಧಾನ. 60 ಕಿಲೋ ತೂಗುವ ದೇಹಕ್ಕೆ 50 ಮಿ.ಲೀ. ಎಂದರೆ ತೂಕದ 1,200ರಲ್ಲಿ ಒಂದು ಪಾಲು.

ಈಗ ಇದೇ ತುಳುನಾಡಿನ ಮಂಗಳೂರಿನಲ್ಲಿ ಯಾವುದೇ ಕಾಲೇಜಿನ ಸಸ್ಯಶಾಸ್ತ್ರ ಪ್ರಯೋಗಾಲಯದ ಮೇಜಿನ ಮುಂದೆ ನಿಂತುಕೊಳ್ಳಿ. ಔಷಧೀಯ ಗಿಡದ ರಸ ಬೆಳೆಯ ಮೊಳಕೆಗೆ ಏನು ಮಾಡುತ್ತದೆ ಎಂಬ ಪ್ರಯೋಗ ಬಿ.ಎಸ್ಸಿ., ಎಂ.ಎಸ್ಸಿ. ವಿದ್ಯಾರ್ಥಿಗಳಿಗೆ ಅಚ್ಚುಮೆಚ್ಚು. ಖರ್ಚಿಲ್ಲ, ವಾರದೊಳಗೆ ಫಲಿತಾಂಶ. 9 ಸೆಂಟಿಮೀಟರ್ ಅಗಲದ ಪೆಟ್ರಿ ತಟ್ಟೆ, ತಳಕ್ಕೆ ಸೋಸು ಕಾಗದ, ಮೇಲೆ 25 ಭತ್ತದ ಕಾಳು, 5 ಮಿ.ಲೀ. ಸೊಪ್ಪಿನ ರಸ. ನೋಡುವುದಕ್ಕೆ ಕಾಗದ ಒದ್ದೆಯಾಗುವಷ್ಟೇ. ಆದರೆ ಸಾವಿರ ಕಾಳಿನ ಭತ್ತ ಸುಮಾರು 25 ಗ್ರಾಂ ತೂಗುತ್ತದೆ; ಹಾಗಾಗಿ 25 ಕಾಳು ಮುಕ್ಕಾಲು ಗ್ರಾಂಗೂ ಕಡಿಮೆ. ಅದರ ಸುತ್ತ 5 ಗ್ರಾಂ ರಸ ಎಂದರೆ ಕಾಳಿನ ತೂಕದ ಎಂಟು ಪಟ್ಟು! ಅದೇ ಅಳತೆಯಲ್ಲಿ 60 ಕಿಲೋ ಮನುಷ್ಯನಿಗೆ ಆಟಿ ಕಷಾಯ ಕೊಡಬೇಕೆಂದರೆ 480 ಲೀಟರ್ ಬೇಕು. ಎರಡು ದೊಡ್ಡ ಡ್ರಮ್ಮು ತುಂಬಿ, ಮೇಲೆ ನಾಲ್ಕೈದು ಕೊಡ. ಕುಡಿಸುವುದಷ್ಟೇ ಅಲ್ಲ, ವಾರಪೂರ್ತಿ ಅದರಲ್ಲೇ ಕೂರಿಸಿದ ಹಾಗೆ.

ಒಪ್ಪುತ್ತೇನೆ, ಕಾಳು ಅಷ್ಟನ್ನೂ ಹೀರುವುದಿಲ್ಲ. ಮೊಳಕೆಗೆ ಮುಂಚೆ ಭತ್ತ ಹೀರುವ ನೀರು ತನ್ನ ತೂಕದ ಮೂರನೇ ಒಂದು ಪಾಲಿನ ಆಸುಪಾಸು. ಅದನ್ನೇ ಮನುಷ್ಯನ ತೂಕಕ್ಕೆ ಹಿಡಿದರೂ 20 ಲೀಟರ್ ಹತ್ತಿರ ಬರುತ್ತದೆ. ‘ಔಷಧೀಯ ಸಸ್ಯ’ ಎಂಬ ಹಣೆಪಟ್ಟಿ ನೋಡಿ ಮೊಳಕೆಗೂ ಒಳ್ಳೆಯದೇ ಆಗುತ್ತದೆ ಎಂದು ನಂಬುವವರು ಈ 20 ಲೀಟರನ್ನು ಒಮ್ಮೆ ಕಣ್ಣಮುಂದೆ ತಂದುಕೊಳ್ಳಬೇಕು. ಗಿಡವೇನೂ ನಮ್ಮ ಕೆಮ್ಮು ವಾಸಿಯಾಗಲಿ ಎಂದು ಕಹಿಯನ್ನು ಮಾಡಿಟ್ಟುಕೊಂಡದ್ದಲ್ಲ. ಹುಳುವಿಗೆ, ಶಿಲೀಂಧ್ರಕ್ಕೆ, ಪಕ್ಕದಲ್ಲಿ ತಲೆಯೆತ್ತುವ ಮತ್ತೊಂದು ಗಿಡಕ್ಕೆ ಎಂದು ಮಾಡಿಟ್ಟ ಸರಕು ಅದು. ಅದರಲ್ಲಿ ಚಿಟಿಕೆಯಷ್ಟು ನಮಗೆ ಮದ್ದಾಯಿತು. ಗಿಡಗಳು ರಾಸಾಯನಿಕಗಳ ಮೂಲಕ ಒಂದರ ಮೇಲೊಂದು ನಡೆಸುವ ಈ ಪ್ರಭಾವಕ್ಕೆ 1937ರಲ್ಲಿ ಆಸ್ಟ್ರಿಯದ ಹಾನ್ಸ್ ಮೋಲಿಷ್ ಅಲೆಲೋಪತಿ ಎಂದು ಹೆಸರಿಟ್ಟ. ಹೆಸರು ಹೊಸದು, ಚಿಂತನೆ ಹಳೆಯದು. ಎರಡನೇ ಚಾವುಂಡರಾಯ ಕ್ರಿ.ಶ. 1025ರ ಸುಮಾರಿಗೆ ಕನ್ನಡದಲ್ಲಿ ಬರೆದ ‘ಲೋಕೋಪಕಾರ’ದಲ್ಲಿ ವೃಕ್ಷಾಯುರ್ವೇದಕ್ಕೆಂದೇ ಒಂದು ಅಧ್ಯಾಯವಿದೆ. ಗಿಡಕ್ಕೆ ಗಿಡದಿಂದಲೇ ಉಪಚಾರ ಮಾಡುವ ಲೆಕ್ಕಾಚಾರಕ್ಕೆ ನಮ್ಮ ಭಾಷೆಯಲ್ಲೇ ಸಾವಿರ ವರ್ಷ ತುಂಬಿದೆ.

ತಟ್ಟೆಯೊಳಗೆ ಏನಾಗುತ್ತದೆ ನೋಡೋಣ. ಆಡುಸೋಗೆ, ಲಕ್ಕಿ, ತುಳಸಿ, ಅಥವಾ ಗಾಯಕ್ಕೆ ಹಿಂಡಿ ರಕ್ತ ನಿಲ್ಲಿಸಲು ನಮ್ಮ ಕಡೆ ಬಳಸುವ ಕಮ್ಯುನಿಸ್ಟ್ ಗಿಡ, ಯಾವುದೂ ಆದೀತು. 10 ಗ್ರಾಂ ಸೊಪ್ಪನ್ನು 100 ಮಿ.ಲೀ. ನೀರಿನಲ್ಲಿ ಅರೆದು ಸೋಸಿದರೆ ಅದು ಶೇ. 10ರ ರಸ. ಅದಕ್ಕೆ ನೀರು ಬೆರೆಸುತ್ತಾ ಶೇ. 5, ಶೇ. 1, ಶೇ. 0.1 ಎಂದು ಇಳಿಯುತ್ತಾರೆ. ಒಂದು ತಟ್ಟೆಗೆ ಬರೀ ನೀರು. ಮೂರನೆಯ ದಿನ ಮುಚ್ಚಳ ತೆಗೆದರೆ ನೀರಿನ ತಟ್ಟೆಯಲ್ಲಿ ಬೇರು ನೇರ, ಬಿಳಿ, ತುದಿಯ ಹಿಂದೆ ಬೂಸ್ಟಿನಂಥ ರೋಮ. ಶೇ. 10ರ ತಟ್ಟೆಯಲ್ಲಿ ಚಿಗುರು ಹಸಿರಾಗಿಯೇ ಮೇಲೆದ್ದಿರಬಹುದು. ಬೇರು ಮಾತ್ರ ಮೊಂಡ, ತುದಿ ಕಂದು, ರೋಮದ ಸುಳಿವಿಲ್ಲ. ಇಂಥ ಪ್ರಯೋಗಗಳಲ್ಲಿ ಮತ್ತೆ ಮತ್ತೆ ಕಾಣುವುದು ಇದೇ: ಏಟು ಮೊದಲು ಬೇರಿಗೆ. ರಸಕ್ಕೆ ನೇರವಾಗಿ ತಾಗಿ ನಿಲ್ಲುವ ಅಂಗ ಅದು. ಶೇ. 1ಕ್ಕಿಂತ ಕೆಳಗೆ ಇಳಿದಾಗ ಚಿತ್ರ ತಿರುವುಮುರುವು ಆಗುವುದುಂಟು. ಅದೇ ಸೊಪ್ಪಿನ ರಸದಲ್ಲಿ ಬೇರು ನೀರಿನ ತಟ್ಟೆಗಿಂತ ತುಸು ಉದ್ದ ಹೋಗಿರುತ್ತದೆ. ಕೊಲ್ಲುವ ವಸ್ತುವೇ ಅತ್ಯಲ್ಪ ಪ್ರಮಾಣದಲ್ಲಿ ಚುರುಕು ಮುಟ್ಟಿಸುವುದನ್ನು ಜರ್ಮನಿಯ ಹ್ಯೂಗೋ ಶುಲ್ಟ್ಸ್ 1888ರಲ್ಲೇ ಯೀಸ್ಟಿನ ಮೇಲೆ ತೋರಿಸಿದ್ದ.

ಶೇ. 10ರ ರಸದಲ್ಲಿ ಬೇರು ಕುಗ್ಗಿದರೆ ಅದೆಲ್ಲ ವಿಷದ ಕೆಲಸ ಎಂದು ಬರೆದುಬಿಡುವುದು ಆತುರವಾದೀತು. ದಪ್ಪ ರಸದಲ್ಲಿ ಸಕ್ಕರೆ, ಲವಣ ಕರಗಿರುತ್ತವೆ. ಅವೂ ಕಾಳಿಗೆ ನೀರು ಸಿಗದಂತೆ ಹಿಡಿದಿಡುತ್ತವೆ. ಅಷ್ಟೇ ಸಾಂದ್ರತೆಯ ಬೇರೆ ನಿರುಪದ್ರವಿ ದ್ರಾವಣದಲ್ಲಿ ಇನ್ನೊಂದು ತಟ್ಟೆ ಇಡದಿದ್ದರೆ ಯಾವುದು ವಿಷ, ಯಾವುದು ಬರೀ ಬಾಯಾರಿಕೆ ಎಂದು ಹೇಳಲಾಗದು.

ಇಷ್ಟೆಲ್ಲ ಗಾಜಿನ ತಟ್ಟೆಯ ಮಾತು. ಆದರೆ ಕರಾವಳಿಯ ಗದ್ದೆ ಇದೇ ಪ್ರಯೋಗವನ್ನು ಎಕರೆಗಟ್ಟಲೆ ನಡೆಸಿಕೊಂಡು ಬಂದಿದೆ. ನಾನು ಲೆಕ್ಕ ಹಾಕಿದಾಗ ನನ್ನನ್ನು ಬೆಚ್ಚಿಬೀಳಿಸಿದ್ದು ಈ ಭಾಗವೇ. ಭತ್ತದ ಗದ್ದೆಗೆ ಹಸಿರೆಲೆ ಗೊಬ್ಬರ ಹೆಕ್ಟೇರಿಗೆ 5 ಟನ್ ಎಂಬುದು ಶಿಫಾರಸು. ಎಕರೆಗೆ 2 ಟನ್. ಒಂದು ಎಕರೆ ಎಂದರೆ 4,047 ಚದರ ಮೀಟರ್. ಅದರಲ್ಲಿ 5 ಸೆಂ.ಮೀ. ನೀರು ನಿಂತರೆ 2 ಲಕ್ಷ ಲೀಟರ್. 2 ಲಕ್ಷ ಲೀಟರ್ ನೀರಿನಲ್ಲಿ 2 ಟನ್ ಸೊಪ್ಪು ನೆನೆದರೆ? ಶೇ. 1ರ ರಸ, ಕೂದಲೆಳೆ ಆಚೀಚೆಯಿಲ್ಲದೆ. ಒಂದೊಂದು ಎಲೆ ಒಂದು ಗ್ರಾಂ ಎಂದಿಟ್ಟುಕೊಂಡರೆ 20 ಲಕ್ಷ ಎಲೆ. ವಿದ್ಯಾರ್ಥಿ ಪಿಪೆಟ್ ಹಿಡಿದು ಅಳೆದು ತಲುಪುವ ಸಾಂದ್ರತೆಯನ್ನು ಕೆಸರುಗದ್ದೆಯಲ್ಲಿ ಸೊಪ್ಪು ತುಳಿದವರು ಅಳತೆಯಿಲ್ಲದೆ ತಲುಪಿದ್ದರು.

ಆ ಸೊಪ್ಪು ಬರುತ್ತಿದ್ದುದೆಲ್ಲಿಂದ? ಹಳೆಯ ದಕ್ಷಿಣ ಕನ್ನಡದಲ್ಲಿ ಕದೀಂ ವರ್ಗ ಎಂಬ ಹಳೆಯ ಹಿಡುವಳಿ ಜಮೀನಿನಿಂದ 100 ಗಜದವರೆಗಿನ ಸರ್ಕಾರಿ ಜಾಗದ ಮೇಲೆ ಕೃಷಿಕನಿಗೆ ಕುಮ್ಕಿ ಎಂಬ ಸೌಲಭ್ಯವಿತ್ತು: ಸೊಪ್ಪು, ಕಟ್ಟಿಗೆ, ಮೇವು ತರುವ ಹಕ್ಕು. 1964ರ ಕರ್ನಾಟಕ ಭೂಕಂದಾಯ ಕಾಯ್ದೆಯ 79ನೇ ಕಲಮು ಅದನ್ನು ಉಳಿಸಿಯೂ ಇದೆ. ಒಂಟಿಯಾಗಿರುವ ಒಂದೆಕರೆ ಚೌಕ ಗದ್ದೆಯ ಸುತ್ತ 100 ಗಜ ಅಳೆದರೆ ಎಷ್ಟು ಜಾಗ ಬರುತ್ತದೆ ಎಂದು ಕೂಡಿಸಿ ನೋಡಿ. 12 ಎಕರೆ ದಾಟುತ್ತದೆ. ಒಂದೆಕರೆ ಭತ್ತದ ಬೆನ್ನಿಗೆ ಹನ್ನೆರಡೆಕರೆ ಸೊಪ್ಪಿನ ಗುಡ್ಡ! ಅದರಲ್ಲಿ ಔಷಧಿ ಅಂಗಡಿಯ ಅರ್ಧ ಸರಕು ಬೆಳೆದಿರುತ್ತಿತ್ತು. ತುಳುವಿನಲ್ಲಿ ಕಾಯೆರ್ ಎನ್ನುವ ಕಾಸರಕದ ಬೀಜದಲ್ಲಿ ಸ್ಟ್ರಿಕ್ನಿನ್ ಎಂಬ ಉಗ್ರ ವಿಷವಿದೆ. ಪಾಲೆ ಎಂದು ತಪ್ಪಿ ಇದರ ತೊಗಟೆ ಕೆತ್ತಿದರೆ ಆಟಿಯ ಕಷಾಯ ಪ್ರಾಣಕ್ಕೇ ಕುತ್ತು. ಆದರೂ ದಕ್ಷಿಣ ಭಾರತದಲ್ಲಿ ಭತ್ತದ ಗದ್ದೆಗೆ ಹಾಕುತ್ತಿದ್ದ ಸೊಪ್ಪುಗಳಲ್ಲಿ ಕಾಸರಕವೂ ಸೇರಿತ್ತು. ಅದೇ ಗದ್ದೆಯಲ್ಲಿ ನೇಜಿ, ಅಂದರೆ ನೆಡುವ ಭತ್ತದ ಸಸಿ, ಬದುಕುತ್ತಿತ್ತು ಹೇಗೆ?

ಕಾಯುವುದರಿಂದ, ಮತ್ತು ಮಳೆಯಿಂದ. ಸೊಪ್ಪನ್ನು ಕೆಸರಿಗೆ ತುಳಿದು, ಕೊಳೆಯಲು ಬಿಟ್ಟು, ಆಮೇಲೆ ನೇಜಿ ನೆಡುವುದು ಪದ್ಧತಿ. ಕೊಳೆಯುವ ಮೊದಲ ದಿನಗಳಲ್ಲಿ ಹೊರಬೀಳುವ ಫೀನಾಲಿಕ್ ಆಮ್ಲಗಳು, ಅಸೆಟಿಕ್ ಮತ್ತು ಬ್ಯುಟಿರಿಕ್ ಆಮ್ಲಗಳು ಎಳೆಯ ಬೇರಿಗೆ ಕೆಟ್ಟವು. ಮಣ್ಣಿನ ಸೂಕ್ಷ್ಮಜೀವಿಗಳು ಅವನ್ನು ತಿಂದು ಮುಗಿಸಲು ಸಮಯ ಬೇಕು. ಇನ್ನು ಮಳೆ. ಮಂಗಳೂರಿನ ವಾರ್ಷಿಕ ಮಳೆ ಸುಮಾರು 3,800 ಮಿ.ಮೀ.; ಎಕರೆಗೆ ಒಂದೂವರೆ ಕೋಟಿ ಲೀಟರಿಗೂ ಹೆಚ್ಚು. ಜುಲೈ ಒಂದೇ ತಿಂಗಳಲ್ಲಿ 1,000 ಮಿ.ಮೀ. ಮೀರುವುದು ಇಲ್ಲಿ ಸುದ್ದಿಯೇ ಅಲ್ಲ. ಅದು ಎಕರೆಗೆ 40 ಲಕ್ಷ ಲೀಟರ್; ಗದ್ದೆಯಲ್ಲಿ ನಿಂತ ನೀರಿನ ಇಪ್ಪತ್ತು ಪಟ್ಟು. ಕಂಟದ ಕಡಿಯಿಂದ ಹೊರಹರಿಯುವ ಈ ನೀರು ಏಣೇಲು ಎಂಬ ಮಳೆಗಾಲದ ಬೆಳೆಯ ಗದ್ದೆಯ ಕಷಾಯವನ್ನು ತಿಂಗಳಲ್ಲಿ ಇಪ್ಪತ್ತು ಸಲ ತೊಳೆಯಬಲ್ಲದು. ಬಯಲುಸೀಮೆಯಲ್ಲಿ ಕಳೆಗಿಡದ ಸೊಪ್ಪು ಬಿದ್ದ ಒಣ ಹೊಲಕ್ಕೂ ನಮ್ಮ ಗದ್ದೆಗೂ ಇರುವ ಅಂತರ ಇದು. ಒಂದು ಕಡೆಯ ಫಲಿತಾಂಶವನ್ನು ಇನ್ನೊಂದು ಕಡೆಗೆ ಹೊತ್ತು ತರುವವರು ಮಳೆಮಾಪಕವನ್ನೂ ಹೊತ್ತು ತರಲಿ.

ಏಟು ಬೇರಿಗೆ ಎಂದೆನಲ್ಲ. ಬೇರು ಎಂದರೆ ಎಷ್ಟು ಎಂಬುದನ್ನೂ ಹೇಳಬೇಕು. ಮೋಲಿಷ್ ಹೆಸರಿಟ್ಟ ಅದೇ 1937ರಲ್ಲಿ ಅಮೆರಿಕದ ಡಿಟ್ಮರ್ ಎಂಬಾತ ನಾಲ್ಕು ತಿಂಗಳ ಒಂದೇ ಒಂದು ರೈ ಗಿಡದ ಬೇರನ್ನು ಮಣ್ಣು ತೊಳೆದು ಲೆಕ್ಕ ಮಾಡಿ ಪ್ರಕಟಿಸಿದ. ರೈ ಎಂದರೆ ಗೋಧಿಯ ಕುಲಬಾಂಧವ. ಗಿಡ ಬೆಳೆದದ್ದು ಒಂದಡಿ ಉದ್ದ, ಒಂದಡಿ ಅಗಲ, ಎರಡಡಿಗಿಂತ ತುಸು ಕಡಿಮೆ ಆಳದ ಪೆಟ್ಟಿಗೆಯಲ್ಲಿ. ಬೇರುಗಳ ಸಂಖ್ಯೆ 1 ಕೋಟಿ 38 ಲಕ್ಷ. ಒಟ್ಟು ಉದ್ದ 620 ಕಿಲೋಮೀಟರ್. ಬೇರುರೋಮ 1,400 ಕೋಟಿ. ಸಾಲಾಗಿ ಹಿಡಿದರೆ 10,600 ಕಿಲೋಮೀಟರ್. ನಾಲ್ಕು ತಿಂಗಳಿಗೆ ಹಂಚಿದರೆ ಬೇರೂ ರೋಮವೂ ಸೇರಿ ದಿನಕ್ಕೆ ಸರಾಸರಿ 90 ಕಿ.ಮೀ. ಚಿಲ್ಲರೆ. ಒಂದು ಹುಲ್ಲಿನ ಜಾತಿಯ ಗಿಡ ಮಣ್ಣಿನೊಳಗೆ ದಿನವೂ ಮಂಗಳೂರಿನಿಂದ ಕುಂದಾಪುರದವರೆಗಿನ ದಾರಿ ಹಾಕುತ್ತಿತ್ತು. ಮೂರು ದಿನದ ಮೊಳಕೆಯ ಬೇರುತುದಿ ಕಂದಾಯಿತು ಎಂದು ವಿದ್ಯಾರ್ಥಿ ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳುವುದು ಈ ದಾರಿಯ ಮೊದಲ ಗೇಣಿನಲ್ಲೇ ಬಿದ್ದ ಅಡ್ಡಿಯ ಬಗ್ಗೆ.

ಇನ್ನೊಂದು ತುದಿಗೆ ಬರೋಣ, ಚಿಗುರಿಸುವ ತುದಿಗೆ. 1977ರಲ್ಲಿ ಮಿಷಿಗನ್ ಸ್ಟೇಟ್ ವಿಶ್ವವಿದ್ಯಾಲಯದ ಸ್ಟ್ಯಾನ್ಲಿ ರೀಸ್ ಮತ್ತು ಸಂಗಡಿಗರು ಲೂಸರ್ನ್ ಸೊಪ್ಪಿನಿಂದ, ನಮ್ಮಲ್ಲಿ ಕುದುರೆ ಮಸಾಲೆ ಎಂದು ದನಕ್ಕೆ ಹಾಕುವ ಮೇವಿನಿಂದ, ಟ್ರೈಅಕಾಂಟನಾಲ್ ಎಂಬ ಮೇಣದಂಥ ಮದ್ಯಸಾರವನ್ನು ಬೇರ್ಪಡಿಸಿ, ಭತ್ತದ ನೇಜಿಯ ಬೆಳವಣಿಗೆ ಅದರಿಂದ ಹೆಚ್ಚುವುದನ್ನು ತೋರಿಸಿದರು. ಪರಿಣಾಮ ಕಾಣಲು ಮೂರು ಗಂಟೆ ಸಾಕಾಯಿತು. ಪ್ರಮಾಣ? ಲೀಟರಿಗೆ 10 ಮೈಕ್ರೋಗ್ರಾಂ. ಒಂದು ಲಕ್ಷ ಲೀಟರಿಗೆ ಒಂದು ಗ್ರಾಂ. ನಮ್ಮ ಎಕರೆ ಗದ್ದೆಯ ನೀರಿಗೆ ಎರಡು ಗ್ರಾಂ. ಟ್ರೈಅಕಾಂಟನಾಲ್ ಅಣುವಿನ ಬೆನ್ನೆಲುಬಿನಲ್ಲಿ 30 ಇಂಗಾಲಗಳ ಸರಪಳಿ. ಅದರ ಪಕ್ಕದ ಮನೆಯ, 28 ಇಂಗಾಲಗಳ ಆಕ್ಟಕೋಸನಾಲ್ ಸೇರಿಕೊಂಡರೆ ಪರಿಣಾಮವೇ ರದ್ದು. ಎರಡು ಇಂಗಾಲದ ಅಂತರ! ಒಂದು ಹಿಡಿ ಸೊಪ್ಪಿನ ರಸದಲ್ಲಿ ಚಿಗುರಿಸುವ, ತಡೆಯುವ ನೂರಾರು ಬಗೆಯ ಅಣುಗಳು ಒಟ್ಟಿಗೇ ತೇಲುತ್ತಿರುತ್ತವೆ. ಹಾಗಾಗಿ ಒಬ್ಬರ ಪ್ರಯೋಗದಲ್ಲಿ ತುಳಸಿ ಬೆಳೆಸಿತು, ಇನ್ನೊಬ್ಬರ ಪ್ರಯೋಗದಲ್ಲಿ ಕುಗ್ಗಿಸಿತು ಎಂದರೆ ಇಬ್ಬರಲ್ಲಿ ಒಬ್ಬರು ಸುಳ್ಳರಾಗಬೇಕಿಲ್ಲ.

ಎರಡು ವರ್ಷದ ನಂತರ, 1979ರಲ್ಲಿ, ಸಾಸಿವೆ ಕುಲದ ರೇಪ್ ಗಿಡದ ಪರಾಗದಿಂದ ಬ್ರ್ಯಾಸಿನೊಲೈಡ್ ಸಿಕ್ಕಿತು. ಜೇನ್ನೊಣಗಳು ಕೂಡಿಹಾಕಿದ 227 ಕಿಲೋ ಪರಾಗವನ್ನು ಅರೆದು, ಸೋಸಿ, ಬೇರ್ಪಡಿಸಿ ಕೊನೆಗೆ ಕೈಗೆ ಬಂದದ್ದು 4 ಮಿಲಿಗ್ರಾಂ. ಒಂದು ಭತ್ತದ ಕಾಳಿನ ಆರನೇ ಒಂದು ಪಾಲು ತೂಕ. ಐದೂವರೆ ಕೋಟಿಗೂ ಹೆಚ್ಚು ಪಾಲಿನಲ್ಲಿ ಒಂದು ಪಾಲು.

ನನ್ನ ಮಟ್ಟಿಗೆ ಇವೆಲ್ಲಕ್ಕೂ ಮೇಲಿನದು ಸ್ಟ್ರೈಗಾಲ್. ಜೋಳ, ಕಬ್ಬಿನ ಬೇರಿಗೆ ಅಂಟಿ ರಸ ಹೀರುವ ಸ್ಟ್ರೈಗಾ ಎಂಬ ಪರಾವಲಂಬಿ ಕಳೆಯನ್ನು ಉತ್ತರ ಕರ್ನಾಟಕದ ರೈತರು ಬಲ್ಲರು. ಅದರ ಧೂಳಿನಂಥ ಬೀಜ ಮಣ್ಣಿನಲ್ಲಿ ವರ್ಷಗಟ್ಟಲೆ ಮಲಗಿರುತ್ತದೆ, ಹತ್ತಿರದಲ್ಲಿ ಬೇರೊಂದು ಗಿಡದ ಬೇರು ಬಂತೆಂದು ಗೊತ್ತಾದಾಗ ಮಾತ್ರ ಮೊಳೆಯುತ್ತದೆ. ಗೊತ್ತು ಮಾಡಿಕೊಡುವ ವಸ್ತುವೇ ಸ್ಟ್ರೈಗಾಲ್; ಅದನ್ನು 1966ರಲ್ಲಿ ಹತ್ತಿಯ ಬೇರು ಒಸರುವ ದ್ರವದಿಂದ ಹಿಡಿದರು. ನೀರಿನ ಹತ್ತು ಸಾವಿರ ಕೋಟಿ ಪಾಲಿಗೆ ಒಂದು ಪಾಲು ಇದ್ದರೂ ಅರ್ಧಕ್ಕರ್ಧ ಬೀಜ ಮೊಳೆಯುತ್ತದೆ. ಅಂದರೆ ಒಂದು ಗ್ರಾಂ ಸ್ಟ್ರೈಗಾಲ್ 10 ಕೋಟಿ ಲೀಟರ್ ನೀರಿಗೆ ಸಾಕು: ಆರೂವರೆ ಎಕರೆಯ ಮೇಲೆ ಮಂಗಳೂರಿನ ಮಳೆ ವರ್ಷವಿಡೀ ಸುರಿದಷ್ಟು ನೀರು.

ಇಷ್ಟು ತೆಳುವಾದದ್ದರ ಮಾತು ಬಂದರೆ ಮಂಗಳೂರಿನವರಿಗೆ ಕಂಕನಾಡಿ ನೆನಪಾಗುತ್ತದೆ. ಜೆಸ್ವಿಟ್ ಪಾದ್ರಿ ಆಗಸ್ಟಸ್ ಮುಲ್ಲರ್ 1880ರಲ್ಲಿ ಅಲ್ಲಿ ಹೋಮಿಯೋಪತಿ ಮದ್ದು ಹಂಚಲು ಶುರುಮಾಡಿದರು. ಇದೂ ಅದೇ ತರಹ ಅಲ್ಲವೇ ಎಂದು ಕೇಳುವವರಿದ್ದಾರೆ. ಅಲ್ಲ, ಎಣಿಸಿ ನೋಡಿ. ಸ್ಟ್ರೈಗಾಲ್‌ನ ಆ ತೆಳು ದ್ರಾವಣದ ಒಂದು ಹನಿಯಲ್ಲಿ ಇನ್ನೂ 87 ಕೋಟಿಯಷ್ಟು ಅಣುಗಳಿರುತ್ತವೆ. ಬೀಜದ ಬಾಗಿಲು ತಟ್ಟಲು ಬೇಕಾದಷ್ಟು ಕೈಗಳು. ಹೋಮಿಯೋಪತಿಯಲ್ಲಿ ಮಾಡುವಂತೆ ನೂರು ನೂರು ಪಟ್ಟಾಗಿ ಹನ್ನೆರಡು ಸಲ ತೆಳುಗೊಳಿಸಿದರೆ 1ರ ಮುಂದೆ 24 ಸೊನ್ನೆ. ಅಷ್ಟರಲ್ಲಿ ಮೂಲವಸ್ತುವಿನ ಒಂದು ಅಣುವೂ ಉಳಿದಿರುವ ಭರವಸೆಯಿಲ್ಲ. ಎರಡರ ಮಧ್ಯದ ಗೆರೆ ಅಲ್ಲಿದೆ.

ಬೆಳೆಸುವುದು ಎಂದರೆ ಏನು ಎಂಬ ಪ್ರಶ್ನೆಯನ್ನು ಪ್ರಯೋಗದ ವರದಿಗಳು ಬಹಳ ಸಲ ಕೇಳಿಕೊಳ್ಳುವುದೇ ಇಲ್ಲ. ಅಳತೆಪಟ್ಟಿ ಹಿಡಿದು ಮೊಳಕೆ ಉದ್ದವಾಯಿತು, ಒಳ್ಳೆಯದಾಯಿತು ಎಂದು ಬರೆಯುತ್ತಾರೆ. 1926ರಲ್ಲಿ ತೈವಾನಿನಲ್ಲಿದ್ದ ಜಪಾನಿ ವಿಜ್ಞಾನಿ ಕುರೋಸಾವ, ಭತ್ತದ ಒಂದು ಶಿಲೀಂಧ್ರವನ್ನು ಬೆಳೆಸಿದ ದ್ರವವನ್ನು ಸೋಸಿ ಆರೋಗ್ಯವಂತ ನೇಜಿಗೆ ಕೊಟ್ಟ. ನೇಜಿ ಸರಸರನೆ ಎತ್ತರಕ್ಕೆ ಹೋಯಿತು. ಅದು ರೋಗ! ತೆಳ್ಳಗೆ, ಬಿಳಿಚಿಕೊಂಡು, ತೆನೆಯಿಲ್ಲದೆ ಬೀಳುವ ರೋಗ. ಆ ದ್ರವದಲ್ಲಿದ್ದ ವಸ್ತುವಿಗೆ 1935ರಲ್ಲಿ ಯಬುಟ ಗಿಬ್ಬರೆಲಿನ್ ಎಂದು ಹೆಸರಿಟ್ಟ. ಉದ್ದ ನೇಜಿ ನೋಡಿ ಖುಷಿಪಡುವ ರೈತನನ್ನು ನಾನು ಕಂಡಿಲ್ಲ. ನೆಡುವವರು ಕೇಳುವುದು ಗಿಡ್ಡ, ಗಟ್ಟಿ, ಬುಡ ದಪ್ಪ ಇರುವುದನ್ನು.

ಇನ್ನು ಕಾಳಿನ ಸಂಖ್ಯೆ. ಕಿಲೋ ಭತ್ತದಲ್ಲಿ 40,000 ಕಾಳು. ಎಕರೆಗೆ 25 ಕಿಲೋ ಬಿತ್ತನೆ ಎಂದರೆ 10 ಲಕ್ಷ. ಪ್ರಮಾಣಿತ ಬಿತ್ತನೆ ಭತ್ತಕ್ಕೆ ಕನಿಷ್ಠ ಮೊಳಕೆ ಶೇ. 80 ಎಂಬುದು ನಮ್ಮ ದೇಶದ ನಿಯಮ. ಎಂಒ-4 ತಳಿಯಾದರೂ ಬ್ರಹ್ಮಾವರ ಕೃಷಿ ಸಂಶೋಧನಾ ಕೇಂದ್ರದ ಹೊಸ ತಳಿಯಾದರೂ ಇದರಲ್ಲಿ ವ್ಯತ್ಯಾಸವಿಲ್ಲ. ಎಕರೆಗೆ 2 ಲಕ್ಷ ಕಾಳು ಮೊಳೆಯದಿದ್ದರೂ ನಿಯಮ ಮುರಿದಂತಲ್ಲ. ಪೆಟ್ರಿ ತಟ್ಟೆಯ 25 ಕಾಳಿನಲ್ಲಿ ಬರೀ ನೀರಿಗೆ 22, ಲಕ್ಕಿ ರಸಕ್ಕೆ 24 ಮೊಳೆತವು ಎಂದು ಯಾರಾದರೂ ಸಂಭ್ರಮಿಸಿದರೆ ನಾನು ನಂಬುವುದಿಲ್ಲ. ಶೇ. 90 ಮೊಳೆಯುವ ಬೀಜವನ್ನು 25ರ ಲೆಕ್ಕದಲ್ಲಿ ಇಟ್ಟರೆ ಒಂದು ತಟ್ಟೆಯಲ್ಲಿ 20, ಪಕ್ಕದ್ದರಲ್ಲಿ 25 ಬರುವುದು ಬರೀ ಅದೃಷ್ಟದ ಆಟ. ಅಂತರರಾಷ್ಟ್ರೀಯ ಬೀಜ ಪರೀಕ್ಷಾ ನಿಯಮ 400 ಕಾಳು ಕೇಳುವುದು ಅದಕ್ಕೇ. ಆದರೆ ಆ ಎರಡು ಕಾಳಿನ ವ್ಯತ್ಯಾಸ ನಿಜವೇ ಆಗಿದ್ದರೆ ಎಕರೆಗೆ 80,000 ಕಾಳು, ಎರಡು ಕಿಲೋ ಬೀಜ ಉಳಿತಾಯ. ಹಾಗಾಗಿ ಪರೀಕ್ಷೆ ಮಾಡದೆ ತಳ್ಳಿಹಾಕುವಂಥದ್ದೂ ಅಲ್ಲ.

ಹಾಗಾದರೆ ತಟ್ಟೆಯ ಶೇ. 10ರ ಫಲಿತಾಂಶವನ್ನು ಗದ್ದೆಗೆ ಒಯ್ಯುವುದು ಹೇಗೆ? ನಿಂತ ನೀರೆಲ್ಲ ಶೇ. 10 ಆಗಬೇಕಾದರೆ ಎಕರೆಗೆ 20 ಟನ್ ಸೊಪ್ಪು, ಎರಡು ದೊಡ್ಡ ಲಾರಿ. ಇವತ್ತು ಕುಮ್ಕಿಯಲ್ಲಿ ರಬ್ಬರ್, ಅಡಿಕೆ, ಲೇಔಟ್ ಎದ್ದಿರುವಾಗ ಅಷ್ಟು ಸೊಪ್ಪು ಸವರುವವರು ಯಾರು? ಉಳಿದ ದಾರಿ ಬಿತ್ತುವ ಮೊದಲು ಬೀಜ ನೆನೆಹಾಕುವುದು. 25 ಕಿಲೋ ಭತ್ತ ಮುಳುಗಲು 40 ಲೀಟರ್ ನೀರು ಧಾರಾಳ. ಅದನ್ನು ಶೇ. 1ರ ರಸ ಮಾಡಲು 400 ಗ್ರಾಂ ಸೊಪ್ಪು, ಹಿತ್ತಿಲಿನ ಎರಡು ಗೆಲ್ಲು. ಒಂದು ರಾತ್ರಿ ನೆನೆದು, ನೀರು ಬಸಿದು, ಗೋಣಿಯಲ್ಲಿ ಮೊಳಕೆಗೆ ಕಟ್ಟುವಾಗ ಇನ್ನೊಂದು ಸಣ್ಣ ಗೋಣಿಯಲ್ಲಿ ಬರೀ ನೀರಲ್ಲಿ ನೆನೆದದ್ದನ್ನೂ ಕಟ್ಟಿಟ್ಟು, ನೇಜಿಮಡಿಯಲ್ಲಿ ಪಕ್ಕಪಕ್ಕ ಚೆಲ್ಲಿ, ಗುರುತಿಗೆ ಒಂದು ಗೂಟ ಹೊಡೆದರೆ ಆಯಿತು. ಇಪ್ಪತ್ತೊಂದನೆಯ ದಿನ ಎರಡೂ ಕಡೆಯಿಂದ ಹಿಡಿಹಿಡಿ ಕಿತ್ತು, ಬೇರು ತೊಳೆದು, ಒಣಗಿಸಿ ತೂಗಬೇಕು. ಅಳತೆಪಟ್ಟಿ ಬೇಡ.